ತೊಳೆದ ಬನಿಯನ್

ಸಿಂದಗಿಯ ಕಾಳಿನ ಪೇಟೆಯಲ್ಲಿ ನಾವು ಹಮಾಲರು ಕೂಡುವ ಒಂದು ತಗಡಿನ ಶೆಡ್ಡು ಇದೆ. ಹೋದ ಸುಗ್ಗಿಯಲ್ಲಿ ನನ್ನ ತಂಗಿ ಅಲ್ಲಿನ ಗೋಡೆಯ ಮೊಳೆಗೆ ಒಂದು ಬಿಳಿ ಬನಿಯನ್ ತೂಗುಹಾಕಿದಳು. ಒಂದು ಶನಿವಾರ ನಾನು ಅದನ್ನು ಯಾರಿಗೂ ಹೇಳದೆ ಮನೆಗೆ ಒಯ್ದು ತೊಳೆದೆ. ಮಾಡಿದ್ದು ಇಷ್ಟೇ. ಇದರಿಂದ ಅವಳ ಕಾಲೇಜಿನ ಸೀಟು ಹೋಯಿತು. ಹೇಗೆ ಹೋಯಿತು ಎಂಬುದನ್ನು ಮುಚ್ಚಿಡದೆ ಬರೆಯಬೇಕೆಂದು ಕುಳಿತಿದ್ದೇನೆ. ನಾನು ಏಳನೆಯ ತರಗತಿಗೆ ಸಾಲಿ ಬಿಟ್ಟವನು. ಬರೆಯುವುದು ನಿಧಾನ.

ನಮ್ಮದು ಯಂಕಂಚಿ. ಅಪ್ಪ ತೀರಿಕೊಂಡ ಮೇಲೆ ಅವ್ವ, ನಾನು, ತಂಗಿ ಮೂವರೇ. ತಂಗಿ ಸಿಂದಗಿಯಲ್ಲಿ ಪಿಯುಸಿ ಎರಡನೆಯ ವರ್ಷ ವಿಜ್ಞಾನ ಓದುತ್ತಿದ್ದಳು. ಕಾಲೇಜಿನ ಖೊ-ಖೊ ತಂಡದಲ್ಲಿ ಇದ್ದಳಾದರೂ ದೊಡ್ಡ ಆಟಗಾರ್ತಿಯೇನಲ್ಲ. ಅವಳ ಗುಣ ಬೇರೆ. ಚಿಕ್ಕವಳಿದ್ದಾಗ ಎತ್ತು ದೂರದಿಂದ ನಡೆದು ಬರುವುದನ್ನು ನೋಡಿ, ಯಾವ ಕಾಲಿನ ಗೊರಸಿನಲ್ಲಿ ಮುಳ್ಳು ಇದೆ ಎಂದು ಹೇಳುತ್ತಿದ್ದಳು. ಅಪ್ಪ ಗೊರಸು ಎತ್ತಿ ನೋಡಿದರೆ ಮುಳ್ಳು ಅಲ್ಲೇ ಇರುತ್ತಿತ್ತು. ಕಾಲೇಜಿಗೆ ಬಂದ ಮೇಲೆ ಜೊತೆಯ ಹುಡುಗಿಯರು ಓಡುವುದನ್ನು ನೋಡಿ, ಇವಳಿಗೆ ಮೊಣಕಾಲು ನೋಯುತ್ತಿದೆ, ಇವಳು ಬಲಗಾಲಿನ ಮೇಲೆ ಭಾರ ಬಿಡುತ್ತಿಲ್ಲ ಎನ್ನುತ್ತಿದ್ದಳು.

ಇದನ್ನು ಗಮನಿಸಿದವರು ಅವಳ ಆಟದ ಸರ್. ಒಂದು ದಿನ ನನ್ನನ್ನು ಕರೆಸಿದರು. ಇಂಥ ಕಣ್ಣು ಇರುವವರಿಗೆ ಒಂದು ಓದು ಇದೆ, ವ್ಯಾಯಾಮ ಮತ್ತು ದೇಹದ ಚಲನೆಯ ವಿಜ್ಞಾನ, ಪಿಯುಸಿ ಮುಗಿಸಿ ಡಿಗ್ರಿಗೆ ಸೇರಬಹುದು ಎಂದರು. ನಾನು ಪಿಟಿ ಮಾಸ್ತರಿಕೆ ಎಂದು ತಿಳಿದೆ. ಅವರು ಬಿಡಿಸಿ ಹೇಳಿದರು. ಆಟ ಕಲಿಸುವ ಓದು ಬೇರೆ, ನೋವಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿ ಬೇರೆ. ಇದು ನೋವು ಬರುವುದಕ್ಕೆ ಮೊದಲೇ ಮೈ ಹೇಗೆ ಬಾಗುತ್ತದೆ, ಹೇಗೆ ಎತ್ತುತ್ತದೆ, ಎಲ್ಲಿ ದಣಿಯುತ್ತದೆ ಎಂದು ಅಳೆದು ನೋಡುವ ಓದು. ಕ್ರೀಡಾ ತಂಡಗಳಲ್ಲಿ, ಆಸ್ಪತ್ರೆಗಳಲ್ಲಿ, ಕಾರ್ಖಾನೆಗಳಲ್ಲಿಯೂ ಕೆಲಸ ಸಿಗುತ್ತದೆ ಎಂದರು. ತಂಗಿ ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಆಗಲಿ ಎಂದೆ.

ಅಲ್ಲಿಂದ ನಮ್ಮ ತಯಾರಿ ಶುರುವಾಯಿತು. ಯಾವ ಕಾಲೇಜು, ಹಾಸ್ಟೆಲ್ ಹೇಗೆ, ಜೀವಶಾಸ್ತ್ರದಲ್ಲಿ ಎಷ್ಟು ಅಂಕ ಬೇಕು, ಇದನ್ನೆಲ್ಲ ಕೇಳಿ ತಿಳಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಮುದ್ದೇಬಿಹಾಳದ ಒಬ್ಬ ಹುಡುಗಿ ಬೇರೆ ಜಿಲ್ಲೆಯಲ್ಲಿ ಇದೇ ಕೋರ್ಸು ಓದುತ್ತಾಳೆ, ರಜೆಗೆ ಬಂದಿದ್ದಾಳೆ ಎಂದು ಸರ್ ಹೇಳಿದರು. ಒಂದು ರವಿವಾರ ಇಬ್ಬರೂ ತಾಳಿಕೋಟೆಯ ಮೇಲೆ ಹಾಯ್ದು ಹೋಗುವ ಬಸ್ಸು ಹಿಡಿದು ಹೋದೆವು. ಆ ಹುಡುಗಿ ಚಹಾ ಕೊಟ್ಟು, ತನ್ನ ಪುಸ್ತಕಗಳನ್ನು ಹರವಿ ಎಲ್ಲ ಹೇಳಿದಳು. ಮೊದಲ ವರ್ಷ ಎಲುಬು, ಸ್ನಾಯು, ಉಸಿರು. ಆಮೇಲೆ ಚಲನೆಯ ಲೆಕ್ಕ. ಅಲ್ಲಿ ಸೀಟು ಬರೀ ಅಂಕದ ಮೇಲೆ ಕೊಡುವುದಿಲ್ಲವಂತೆ. ಮೈದಾನದಲ್ಲಿ ಓಡಿಸಿ, ಜಿಗಿಸಿ ನೋಡುತ್ತಾರೆ. ಆಮೇಲೆ ನಿಮ್ಮೂರಿನಲ್ಲಿ ದುಡಿಯುವ ಮೈಯನ್ನು ನೀವೇ ನೋಡಿ ತಿಳಿದದ್ದನ್ನು ಇಬ್ಬರು ಪ್ರಾಧ್ಯಾಪಕರ ಮುಂದೆ ಹೇಳಬೇಕು. ಅದಕ್ಕೇ ಹೆಚ್ಚು ಬೆಲೆ.

"ಆಟಾನ ಆಗಬೇಕಂತಿಲ್ಲ," ಎಂದಳು ಆ ಹುಡುಗಿ. "ನಾ ಹತ್ತಿ ಬಿಡಸೂ ಹೆಣಮಕ್ಕಳ್ನ ನೋಡಿದ್ದೆ. ನಿಮ್ಮ ಕಡೆ ಮೈ ಮುರದು ದುಡಿಯೂದು ಎಲ್ಲೈತಿ, ಅಲ್ಲಿ ನೋಡು."

ತಂಗಿ ನನ್ನ ಕಡೆ ತಿರುಗಿದಳು. ಅವಳಿಗೆ ಅಲ್ಲಿಯೇ ಹೊಳೆದಿತ್ತು.

ಬರುವಾಗ ಸಿಂದಗಿಯಲ್ಲಿ ಬಸ್ಸಿನಿಂದ ಇಳಿಯಬೇಕಾದರೆ ನನ್ನ ನಡ ಹಿಡಿದುಕೊಂಡಿತ್ತು. ಎಡಗಾಲು ಮೆಟ್ಟಿಲಿಗೆ ಇಳಿಯಲೊಲ್ಲದು. ತಂಗಿ ಮೊದಲೇ ಇಳಿದು ಕೆಳಗೆ ಕೈ ಚಾಚಿ ನಿಂತಿದ್ದಳು. ನಾನು ಆ ಕೈ ಹಿಡಿಯಲಿಲ್ಲ. ಬಾಗಿಲಿನ ಸರಳು ಹಿಡಿದು ಇಳಿದೆ. ಕಾಲು ಜೋಮು ಹಿಡಿದೈತಿ ಎಂದೆ.

ನನ್ನ ಕೆಲಸದ ಬಗ್ಗೆ ಇಷ್ಟು ಹೇಳಬೇಕು. ನಾನು ನಮ್ಮ ಹಮಾಲರ ಗುಂಪಿನ ಮುಕಾದಮ. ಕೆಲಸ ಹಂಚುವವನು, ಸಾಹುಕಾರರೊಂದಿಗೆ ಮಾತಾಡುವವನು ನಾನೇ. ಲಾರಿಯ ಚೀಲ ಇಳಿಸುವಾಗ ಇಬ್ಬರು ಚೀಲದ ಕಿವಿ ಹಿಡಿದು ಎತ್ತಿಕೊಡುತ್ತಾರೆ. ಹೊರುವವನು ಬಾಗಿ ಕುತ್ತಿಗೆ ಮತ್ತು ಬೆನ್ನಿನ ನಡುವೆ ಅದನ್ನು ತಗೊಂಡು, ಹಲಗೆ ಹತ್ತಿ, ಗೋದಾಮಿನಲ್ಲಿ ಒಂದರ ಮೇಲೊಂದು ಒಟ್ಟುತ್ತಾನೆ. ಒಟ್ಟಿಲು ಮುಗಿಯುವಾಗ ತುದಿಯ ಕೊನೆಯ ಚೀಲವನ್ನು ಮುಕಾದಮನೇ ಹೊರಬೇಕು. ಇದು ಎಲ್ಲಿಯೂ ಬರೆದಿಟ್ಟ ಕಾಯಿದೆಯಲ್ಲ, ಆದರೆ ತಪ್ಪಿಸುವಂತಿಲ್ಲ. ಇನ್ನೊಂದು ರೂಢಿ ಏನೆಂದರೆ, ಯಾವನಾದರೂ ನಡ ಹಿಡಿದಿದೆ ಎಂದು ಬಾಯಿಬಿಟ್ಟರೆ ಅವನನ್ನು ಚೀಲದ ಬಾಯಿ ಹೊಲಿಯಲು, ಚೆಲ್ಲಿದ ಕಾಳು ಬಳಿಯಲು ಕೂರಿಸುತ್ತಾರೆ. ಹಾಗೆ ಕುಳಿತವನು ಮತ್ತೆ ಚೀಲ ಹೊತ್ತದ್ದನ್ನು ನಾನು ನೋಡಿಲ್ಲ. ಮುಕಾದಮ ಹಾಗೆ ಕುಳಿತರೆ ಅವನು ಮುಕಾದಮನಲ್ಲ.

ನನಗೆ ಅದರ ಹಿಂದಿನ ಸುಗ್ಗಿಯಿಂದಲೇ ನೋವಿತ್ತು. ನಡದಲ್ಲಿ ಹುಟ್ಟಿ ಎಡ ಪಿರ್ರೆಯ ಒಳಗಿಂದ ಮೀನಖಂಡದವರೆಗೆ ತಂತಿ ಎಳೆದಂತೆ ಆಗುತ್ತಿತ್ತು. ಮುಂಜಾನೆ ಬಾಗಿಲ ಚೌಕಟ್ಟು ಹಿಡಿಯದೆ ಏಳಲು ಆಗುತ್ತಿರಲಿಲ್ಲ. ಕೊನೆಯ ಚೀಲದ ಹೊತ್ತಿಗೆ ಸರಿಯಾಗಿ ಸಾಹುಕಾರರ ಅಂಗಡಿಗೆ ಹೋಗುವ ನೆವ ಹುಡುಕುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ.

ತೊಗರಿ ಬರಲು ಶುರುವಾದಾಗ ತಂಗಿ ಕಾಲೇಜು ಮುಗಿಸಿ ಪೇಟೆಗೆ ಬರತೊಡಗಿದಳು. ಮೊದಲು ಸುಮ್ಮನೆ ನೋಡಿದಳು. ಯಾರು ಮೊಣಕಾಲು ಬಾಗಿಸಿ ಚೀಲ ತಗೊಳ್ಳುತ್ತಾರೆ, ಯಾರು ಬರೀ ನಡ ಬಾಗಿಸುತ್ತಾರೆ, ಯಾರು ಹೊತ್ತ ಮೇಲೆ ತಿರುಗುತ್ತಾರೆ, ಎಲ್ಲ ಬರೆದುಕೊಂಡಳು. ಆಮೇಲೆ ನೋವಿನ ವಿಷಯ ಕೇಳಿದಳು. ಅಲ್ಲಿ ಅವಳ ಕೆಲಸ ನಿಂತುಬಿಟ್ಟಿತು. ಮುಕಾದಮನ ತಂಗಿ, ಅದರಲ್ಲೂ ಹೆಣ್ಣುಹುಡುಗಿ ಕೇಳಿದರೆ ಯಾವ ಹಮಾಲ ಹೇಳಿಯಾನು? ಎಲ್ಲರದೂ ಒಂದೇ ಉತ್ತರ, ಆರಾಮ ಅದೇವಿ ತಂಗೀ ಅಂತ.

ಆಗ ಅವಳು ಬನಿಯನ್ನಿನ ಉಪಾಯ ತೆಗೆದಳು. ನನ್ನದೇ ಹಳೆಯದೊಂದು ತಂದು, ಬೆನ್ನು ಈ ಕಡೆ ಬರುವಂತೆ ಮೊಳೆಗೆ ಹಾಕಿದಳು. ಪಕ್ಕದಲ್ಲಿ ದಾರಕ್ಕೆ ಒಂದು ಇದ್ದಿಲ ತುಂಡು ಕಟ್ಟಿದಳು. ಸಂಜೆ ಮನೆಗೆ ಹೋಗುವಾಗ ಎಲ್ಲಿ ನೋವಿದೆಯೋ ಬನಿಯನ್ನಿನ ಮೇಲೆ ಅಲ್ಲಿ ಒಂದು ಗುರುತು ಹಾಕಿ ಹೋಗಿರಿ, ಹೆಸರು ಬೇಡ, ಆಗ ನಾನೂ ಇಲ್ಲಿ ಇರುವುದಿಲ್ಲ ಎಂದಳು. ಕೆಲವು ವಾರ ಹೀಗೆಯೇ ಇಟ್ಟು, ಆಮೇಲೆ ಚೀಲ ಎತ್ತಿಕೊಡುವ ಜಾಗವನ್ನು ಹಲಗೆ ಇಟ್ಟು ಎತ್ತರ ಮಾಡಿ, ಗುರುತು ಕಡಿಮೆಯಾಗುತ್ತವೆಯೋ ನೋಡುವುದು ಅವಳ ಯೋಜನೆ. ಓದು ಬಾರದವರೂ ಹೇಳಬಹುದಾದ ದಾರಿ ಅದು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬ ಮುಸಲ್ಮಾನರಿದ್ದಾರೆ, ಅವರನ್ನು ನಾವು ಚಾಚಾ ಎನ್ನುತ್ತೇವೆ. ಹುಡುಗಿಯ ತಲಿ ಭಾಳ ಚಲೋ ಐತಿ ಎಂದು ಅವರೇ ಮೊದಲು ಮೆಚ್ಚಿದರು.

ಆ ಶನಿವಾರ ಸಂಜೆ ಎಲ್ಲರೂ ಹೋದ ಮೇಲೆ ನಾನು ನೋಡಿದೆ. ನಡದ ಹತ್ತಿರ ಗುರುತು, ಕುತ್ತಿಗೆಯ ಬುಡದಲ್ಲಿ ಗುರುತು, ಎಡಗಡೆ ಕೆಳಗೆ ಒತ್ತಿ ಹಾಕಿದ ಇನ್ನೊಂದು. ಈ ಎಡಗಡೆಯದು ನಾನು ಹಾಕಿದ್ದಲ್ಲ, ಆದರೆ ನನ್ನ ನೋವಿನ ಜಾಗವೇ ಅದು. ಯಾರೋ ನನ್ನನ್ನು ನೋಡಿಯೇ ಹಾಕಿದ್ದಾರೆ ಎಂದುಕೊಂಡೆ. ಅದೇ ಮುಂಜಾನೆ ಸಾಹುಕಾರನೊಬ್ಬ, ಏನಪಾ ಮುಕಾದಮ, ನಿನ್ನ ಮಂದಿಗೆ ಡಾಕ್ಟರ್ ಬಂದಾಳಂತ, ನಾವು ಬ್ಯಾರೆ ಮಂದಿ ನೋಡಬೇಕೇನ ಎಂದು ನಕ್ಕಿದ್ದ. ನಗೆಮಾತೇ ಇರಬಹುದು. ನನಗೆ ಅದು ನಗೆಯಾಗಿ ಕೇಳಲಿಲ್ಲ. ಬನಿಯನ್ ತೆಗೆದು ಚೀಲದಲ್ಲಿ ಸುತ್ತಿಕೊಂಡೆ. ಮನೆಯ ಹಿಂದೆ ಬಚ್ಚಲ ಕಲ್ಲಿನ ಮೇಲೆ ಸಾಬಾಣ ಹಚ್ಚಿ ತಿಕ್ಕಿದೆ.

ತಂಗಿ ಕೇಳಿದಾಗ, ಮಂದಿ ಕೈ ಒರಸಿದ್ರು, ಹೊಲಸಾಗಿತ್ತು, ತೊಳದ ಹಾಕೇನಿ ಎಂದೆ. ಅವಳು ಅದನ್ನು ಎತ್ತಿ ಮುಖದ ಹತ್ತಿರ ಹಿಡಿದಳು. ಬಟ್ಟೆ ನೋಡುತ್ತಿದ್ದಾಳೆ ಎಂದುಕೊಂಡೆ. ಮತ್ತೆ ಮೊಳೆಗೆ ಹಾಕಿ ಬಂದಳು.

ಆದರೆ ಮುಂದಿನ ವಾರ ಮತ್ತೆ ಗುರುತು ಬೀಳುವುದು ಖಾತ್ರಿ. ಅದಕ್ಕೆ ಮಂದಿಯನ್ನು ಒಂದು ಕಡೆ ಕೂಡಿಸಿದೆ. ನನ್ನ ತಂಗಿಯ ಓದಿನ ವಿಷಯ ಇದು, ಬನಿಯನ್ ಹೊಲಸಾಗದಂತೆ ನೋಡಿಕೊಳ್ಳಿರಿ ಎಂದೆ. ಯಾರಿಗೂ ತಿಳಿಯಲಿಲ್ಲ. ಚಾಚಾ ಕೇಳಿದರು:

"ಸ್ವಚ್ಛ ಇದ್ರ ಹುಡುಗಿಗೆ ಮಾರ್ಕ್ಸ ಬರ್ತಾವೇನೋ?"

"ಹೌದ್ರಿ ಚಾಚಾ. ಸ್ವಚ್ಛ ಇದ್ರನ ಪಾಸ್."

"ಹಂಗಾರ ಮದಲ ಹೇಳಬಾರದೇನೋ ಮಾರಾಯಾ. ನಾ ಆಗಲೇ ಎಡಕ್ಕ ಒಂದು ಒತ್ತಿ ಬಿಟ್ಟೇನಲ್ಲ." ಅವರು ಕಸಿವಿಸಿಗೊಂಡರು. "ಇನ್ನ ಯಾವನರ ಇದ್ದಿಲ ಮುಟ್ಟಿದ್ರ ಕೇಳ್ರಿ."

ಎಡಗಡೆಯ ಗುರುತು ಅವರದೇ ನೋವು ಎಂದು ಆಗ ಗೊತ್ತಾಯಿತು. ಮಾತು ಅಲ್ಲಿಯೇ ತಿರುಗಿಸಬಹುದಿತ್ತು. ತಿರುಗಿಸಲಿಲ್ಲ.

ಆ ಸುಗ್ಗಿ ಮುಗಿಯುವವರೆಗೂ ಯಾರೂ ಇದ್ದಿಲು ಮುಟ್ಟಲಿಲ್ಲ. ನಡ ಮುರಿದು ಬಂದವರು ಕೂಡ ಬನಿಯನ್ನಿನ ಮುಂದೆ ಹಾಯುವಾಗ ಕೈ ಹಿಂದೆ ಕಟ್ಟಿಕೊಂಡು ಹೋಗುತ್ತಿದ್ದರು. ಒಬ್ಬ ಹುಡುಗಿ ಪಾಸಾಗಲಿ ಎಂದು ಅವರು ತೋರಿಸಿದ ಆಸ್ಥೆ ಅದು. ನಾನು ಅದನ್ನು ನನ್ನ ಮಾನ ಕಾಯಲು ಬಳಸಿಕೊಂಡೆ.

ಯೋಜನೆಯ ಪ್ರಕಾರ ತಂಗಿ ಹಲಗೆ ಇಡಿಸಿದಳು. ಒಂದು ಅಂಗಡಿಯಿಂದ ದಪ್ಪ ಹಲಗೆಗಳನ್ನು ಕೇಳಿ ತಂದು ಒಂದರ ಮೇಲೊಂದು ಜೋಡಿಸಿ, ಚೀಲ ನೆಲದಿಂದ ಅಲ್ಲ, ನಡದ ಮಟ್ಟದಿಂದ ಏಳುವಂತೆ ಮಾಡಿದೆವು. ಎತ್ತಿಕೊಡುವವರಿಗೆ ಬಾಗುವುದು ತಪ್ಪಿತು. ಮಂದಿ ಖುಷಿಯಾದರು. ಆದರೆ ಬನಿಯನ್ ಹಲಗೆ ಇಡುವ ಮೊದಲೂ ಖಾಲಿ, ಇಟ್ಟ ಮೇಲೂ ಖಾಲಿ. ತಂಗಿ ಶೆಡ್ಡಿನ ಕಟ್ಟೆಯ ಮೇಲೆ ಕುಳಿತು, ಹಾಗಾದರೆ ಹಲಗೆ ಯಾಕೆ ಬೇಕಾಯಿತು ಅಣ್ಣಾ ಎಂದು ಕೇಳಿದಳು. ನಮ್ಮ ಮಂದಿ ಗಟ್ಟಿ ಅದಾರವಾ ಎಂದೆ. ಸ್ವಲ್ಪ ದಿನಕ್ಕೆ ಅಂಗಡಿಯವರು ಹಲಗೆ ವಾಪಸ್ಸು ಕೇಳಿದರು. ಇರಲಿ ಬಿಡ್ರಿ, ಇದರಿಂದ ಮಂದಿಗೆ ಅನುಕೂಲವಾಗಿದೆ ಎಂದು ಹೇಳಲು ನನ್ನ ಹತ್ತಿರ ಆಧಾರವೇ ಇರಲಿಲ್ಲ. ಅದನ್ನು ನಾನೇ ತೊಳೆದಿದ್ದೆ. ಹಲಗೆ ಹೋದವು.

ಪರೀಕ್ಷೆಗಳು ಮುಗಿದವು. ಅವಳಿಗೆ ಒಳ್ಳೆಯ ಅಂಕ ಬಂದವು. ಮುದ್ದೇಬಿಹಾಳದ ಹುಡುಗಿ ಓದುವ ಆ ಕಾಲೇಜಿನಿಂದ ಕರೆ ಬಂದಾಗ ಜೊತೆಗೆ ನಾನೇ ಹೋದೆ. ಮೈದಾನದಲ್ಲಿ ಅವಳು ಓಡಿದಳು, ಜಿಗಿದಳು, ಗುಂಡು ಎಸೆದಳು. ಎಲ್ಲಿಯೂ ಹಿಂದೆ ಬೀಳಲಿಲ್ಲ. ಮಧ್ಯಾಹ್ನ ಸಂದರ್ಶನ. ನಾನು ಕಿಟಕಿಯ ಹೊರಗೆ ವರಾಂಡದ ಬೆಂಚಿನ ಮೇಲೆ ಕುಳಿತಿದ್ದೆ. ಫ್ಯಾನಿನ ಸದ್ದಿನ ನಡುವೆಯೂ ಒಳಗಿನ ಮಾತು ಕೇಳುತ್ತಿತ್ತು.

ಚೀಲ ಹೊರುವ ರೀತಿಯನ್ನು ಅವಳು ಚೆನ್ನಾಗಿ ಹೇಳಿದಳು. ನೆಲದ ಮೇಲೆ ಬಾಗಿ ತೋರಿಸಿದಳು ಎಂದು ಕಾಣುತ್ತದೆ, ಒಬ್ಬ ಪ್ರಾಧ್ಯಾಪಕರು ಮೆಚ್ಚಿ ನಕ್ಕರು. ಆಮೇಲೆ ಅವಳು ಬನಿಯನ್ ತೆಗೆದಳು. ಇನ್ನೊಬ್ಬ ಪ್ರಾಧ್ಯಾಪಕರು ಮೇಡಂ, ಅವರು ಕೇಳಿದರು:

"ಇಡೀ ಸುಗ್ಗಿ ಇದನ್ನು ಹಮಾಲರ ಶೆಡ್ಡಿನಲ್ಲಿ ಹಾಕಿದ್ದೀಯ. ಒಬ್ಬರಿಗೂ ನೋವಿಲ್ಲವೇ?"

"ಗುರುತು ಹಾಕಿಲ್ರಿ ಮೇಡಂ."

"ಅವರು ಬಾಗುವುದನ್ನು ನೀನೇ ಇಷ್ಟು ಚೆನ್ನಾಗಿ ತೋರಿಸಿದೆ. ಹಾಗೆ ಬಾಗಿದವರಿಗೆ ನೋವಿಲ್ಲ ಅಂದರೆ ನೀನು ನಂಬುತ್ತೀಯಾ? ಯಾರಾದರೂ ಬೇಡ ಅಂದಿರಬಹುದಲ್ಲ?"

"ಇಲ್ರಿ," ಎಂದಳು ನನ್ನ ತಂಗಿ. "ಅಲ್ಲಿ ಮುಕಾದಮ ನಮ್ಮಣ್ಣನ ಅದಾನ್ರಿ. ಅಂವ ಸುಳ್ಳ ಹೇಳಾಂವಲ್ಲ."

ಒಳಗೆ ಹೋಗಿ ನಿಜ ಹೇಳಲು ಬಾಗಿಲು ನಾಲ್ಕು ಹೆಜ್ಜೆ ದೂರವಿತ್ತು. ಎದ್ದು ನಿಂತೆ ಕೂಡ. ಆದರೆ ಒಳಗೆ ಹೋಗದೆ ನೀರು ಕುಡಿಯುವ ನಳದ ಕಡೆಗೆ ನಡೆದೆ. ಬನಿಯನ್ ತೊಳೆದಾಗ ಹೆದರಿಕೆ ಇತ್ತು ಎಂದು ಹೇಳಿಕೊಳ್ಳಬಹುದು. ನಳದ ಕಡೆಗೆ ನಡೆದದ್ದಕ್ಕೆ ಹೇಳಿಕೊಳ್ಳಲು ನನ್ನ ಹತ್ತಿರ ಏನೂ ಇಲ್ಲ.

ಸಂಜೆ ಗೋಡೆಗೆ ಹಚ್ಚಿದ ಆಯ್ಕೆಯ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ. ಮೇಡಂ ಹೊರಗೆ ಬಂದು ಅವಳ ಹೆಗಲ ಮೇಲೆ ಕೈಯಿಟ್ಟು, ನಿನಗೆ ಕಣ್ಣಿದೆ, ಆದರೆ ಕಂಡದ್ದನ್ನು ನಂಬುವುದು ಕಲಿಯಬೇಕು, ಮುಂದಿನ ವರ್ಷ ಬಾ ಎಂದು ಹೇಳಿಹೋದರು. ಬಸ್ಸಿನಲ್ಲಿ ಅವಳು ಅಳಲಿಲ್ಲ. ಇಂಡಿಗೆ ಬಂದು ಬಸ್ಸು ಬದಲಿಸುವಾಗ ನನಗೆ ಚಹಾ ಬೇಕೇ ಎಂದು ಕೇಳಿದಳು.

ಆ ವರ್ಷದ ಮಟ್ಟಿಗೆ ಸಿಂದಗಿಯಲ್ಲೇ ಬಿಎಸ್ಸಿಗೆ ಸೇರಿದಳು. ಕಾಲೇಜು ಶುರುವಾಗುವ ಮೊದಲು, ಅವ್ವ ಹೊಲಕ್ಕೆ ಹೋಗಿದ್ದ ಒಂದು ಮುಂಜಾನೆ, ಅವಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ನಾನು ಎದುರು ಕುಳಿತು ಎಲ್ಲ ಹೇಳಿದೆ. ಗುರುತು ಅಳಿಸಲೆಂದೇ ಬನಿಯನ್ ತೊಳೆದದ್ದು, ಮಂದಿಗೆ ಹೇಳಿದ ಸುಳ್ಳು, ನನ್ನ ನೋವು. ಅವಳು ಮೊರ ಕೆಳಗಿಟ್ಟಳು.

"ಗೊತ್ತಿತ್ತಣ್ಣಾ," ಎಂದಳು. "ಬನಿಯನ್ ಸಾಬಾಣ ವಾಸನಿ ಬರ್ತಿತ್ತು. ಬರೇ ಕೈ ಒರಸಿದ್ದ ಹೊಲಸ ಆಗಿದ್ರ ನೀ ನೀರಾಗ ಅದ್ದಿ ಹಾಕಾಂವ, ಸಾಬಾಣ ಹಚ್ಚಿ ತಿಕ್ಕಾಂವಲ್ಲ. ಮತ್ತ ನೀ ದಿನಾ ಚೌಕಟ್ಟ ಹಿಡದ ಏಳೂದು ನನಗ ಕಾಣೂದಿಲ್ಲೇನು?"

"ಗೊತ್ತಿದ್ದೂ ಅಲ್ಲಿ ಯಾಕ ಹಂಗ ಅಂದಿ?"

"ನೀ ಹೊರಗ ಕುಂತಿದ್ದಿ."

ಅವಳು ಮತ್ತೆ ಮೊರ ಎತ್ತಿಕೊಂಡಳು. ನನ್ನ ಕಡೆ ನೋಡದೆ, "ಸೀಟ ಸಿಗದಿದ್ದದ್ದು ಬರೋಬರಿನ ಆತು. ಕಂಡದ್ದ ಬಿಟ್ಟು ನೀ ಹೇಳಿದ್ದ ಬರದೆ. ಅದು ಆ ಓದಿಗೆ ನಡಿಯೂದಿಲ್ಲ," ಎಂದಳು.

ಬೈದಿದ್ದರೆ ನಾನು ಹಗುರಾಗುತ್ತಿದ್ದೆ.

ಆಗ ಒಂದು ನಿರ್ಧಾರ ಮಾಡಿದೆ. ಈ ಸುಗ್ಗಿಯ ತೊಗರಿ ಬರಲು ಶುರುವಾದ ಕೂಡಲೇ, ಅವಳಿಗೆ ಹೇಳದೆ, ಒಂದು ಹೊಸ ಬನಿಯನ್ ತಂದು ಅದೇ ಮೊಳೆಗೆ ಹಾಕಿದೆ. ಸಂಜೆ ಮಂದಿಯನ್ನೆಲ್ಲ ಕೂಡಿಸಿ, ಹೋದ ವರ್ಷ ನಾನು ಹೇಳಿದ್ದು ಸುಳ್ಳು, ನಿಮ್ಮಿಂದ ಅಲ್ಲ, ನನ್ನಿಂದ ಆ ಹುಡುಗಿ ಫೇಲಾದಳು ಎಂದೆ. ನನ್ನ ನಡ ಹಿಡಿದು ಎರಡು ವರ್ಷವಾಯಿತು, ನಾಳೆಯಿಂದ ಬಾಯಿ ಹೊಲಿಯಲು ಕೂರುತ್ತೇನೆ, ಬೇರೆ ಮುಕಾದಮನನ್ನು ಮಾಡಿಕೊಳ್ಳಿರಿ ಎಂದೆ. ಇದ್ದಿಲು ತಗೊಂಡು ಎಲ್ಲರೆದುರಿಗೆ ಬನಿಯನ್ನಿನ ಎಡಗಡೆ ಕೆಳಗೆ ಒತ್ತಿ ಗುರುತು ಹಾಕಿದೆ. ಚಾಚಾ ಎದ್ದು ಬಂದು ನನ್ನ ಕೈಯಿಂದ ಇದ್ದಿಲು ತಗೊಂಡರು. ಸ್ವಚ್ಛ ಇದ್ರ ಪಾಸ್ ಅಂತ ನಂಬಿಸಿದ್ಯಲ್ಲೋ, ಖೋಡಿ ಎಂದು ಬೈದು ನನ್ನ ಗುರುತಿನ ಪಕ್ಕ ತಮ್ಮದೊಂದು ಒತ್ತಿದರು. ಒಬ್ಬರ ಹಿಂದೆ ಒಬ್ಬರು ಬಂದರು. ಆ ಜಾಗ ಕರ್ರಗಾಯಿತು.

ಅದನ್ನು ಎದೆಗವಚಿಕೊಂಡು ಮನೆಗೆ ಬಂದೆ. ಮಾಡಿದ್ದು ತಿದ್ದಿದೆ ಎಂಬ ಭಾವ ನನ್ನ ಮುಖದ ಮೇಲೆ ಇದ್ದಿರಬೇಕು. ತಂಗಿ ಬನಿಯನ್ ಬಿಚ್ಚಿ ಬಹಳ ಹೊತ್ತು ನೋಡಿದಳು.

"ಮೊದಲ ಯಾರ ಹಾಕಿದ್ರು?"

ನಾನೇ ಎಂದೆ.

"ಎಲ್ಲಾರ ಎದುರಿಗೆ?"

ಹೌದು ಎಂದೆ.

"ಎಲ್ಲಾರಿಗೂ ಎಡಗಡೆನ ನೋವೇನಣ್ಣಾ? ಕುತ್ತಗಿ ಮ್ಯಾಲ ಹೊರೂ ಮಂದಿ, ಕುತ್ತಗಿಗೆ ಒಂದ ಗುರುತಿಲ್ಲ. ನೀ ಎಲ್ಲಿ ಹಾಕಿದಿ, ಅವರೂ ಅಲ್ಲೇ ಹಾಕ್ಯಾರ." ಅವಳು ಬನಿಯನ್ ಮಡಚಿದಳು. "ಹ್ವಾದ ವರ್ಷದ್ದೂ ನಿನ್ನದ, ಇದೂ ನಿನ್ನದ. ಅವರದು ಇನ್ನೂ ನಾ ನೋಡೇ ಇಲ್ಲ."

ಮುಚ್ಚಿಟ್ಟಾಗ ಎಷ್ಟು ಕೆಡಿಸಿದ್ದೆನೋ, ಹೇಳಿಕೊಂಡಾಗಲೂ ಅಷ್ಟೇ ಕೆಡಿಸಿದ್ದೆ. ಎರಡು ಸಲವೂ ನನಗೆ ನನ್ನ ಬೆನ್ನೇ ದೊಡ್ಡದಾಗಿತ್ತು.

ಈಗ ಅವಳೇ ಮತ್ತೆ ಮೊದಲಿನಿಂದ ಮಾಡುತ್ತಿದ್ದಾಳೆ. ಹೊಸ ಮುಕಾದಮನನ್ನು ಕೇಳಿ ಹಲಗೆಗಳ ಏರ್ಪಾಡು ಮಾಡಿಕೊಂಡಿದ್ದಾಳೆ. ಬನಿಯನ್ ಶೆಡ್ಡಿನ ಒಳಗೋಡೆಗೆ ಹೋಗಿದೆ, ಅದರ ಮುಂದೆ ಒಂದು ಗೋಣಿತಟ್ಟಿನ ಪರದೆ ಬಿದ್ದಿದೆ. ಒಳಗೆ ಒಬ್ಬೊಬ್ಬರೇ ಹೋಗಬೇಕು. ಮುಂದಿನ ಬೇಸಿಗೆಯಲ್ಲಿ ಅದೇ ಕಾಲೇಜಿಗೆ ಮತ್ತೆ ಹೋಗುವವಳಿದ್ದಾಳೆ. ಆಟದ ಸರ್ ಅವಳ ಓಟದ ಅಭ್ಯಾಸ ಮಾಡಿಸುತ್ತಿದ್ದಾರೆ. ಈ ಸಲ ಜೊತೆಗೆ ಅವ್ವ ಹೋಗುತ್ತಾಳೆ. ನಾನು ಬರಲೇ ಎಂದು ಕೇಳಿಲ್ಲ.

ನನಗೆ ಅವಳು ಒಂದೇ ಮಾತು ಹೇಳಿದ್ದಾಳೆ, ಸಂಜೆ ಮಂದಿ ಗುರುತು ಹಾಕುವಾಗ ಅಲ್ಲಿ ಇರಬೇಡ ಅಂತ. ಹಾಗಾಗಿ ಕೆಲಸ ಮುಗಿಯುವ ಹೊತ್ತಿಗೆ ನಾನು ಸೂಜಿ, ಸುತಳಿ ತಗೊಂಡು ಪೇಟೆಯ ಗೇಟಿನ ಹತ್ತಿರ ಹೋಗಿ, ಶೆಡ್ಡಿಗೆ ಬೆನ್ನು ಮಾಡಿ ಕುಳಿತು ಚೀಲದ ಬಾಯಿ ಹೊಲಿಯುತ್ತೇನೆ. ಹಿಂದೆ ಶೆಡ್ಡಿನಿಂದ ಒಬ್ಬೊಬ್ಬರೇ ಹೊರಬಂದು ಗೇಟಿನ ಕಡೆ ನಡೆಯುವ ಸಪ್ಪಳ ಕೇಳುತ್ತದೆ. ಚಾಚಾ ಹೊರಬೀಳುವಾಗ ನನ್ನ ಹತ್ತಿರ ಹಾಯ್ದು ಹೋಗುತ್ತಾರೆ, ಎಲ್ಲಿ ಒತ್ತಿದೆ ಎಂದು ಹೇಳುವುದಿಲ್ಲ. ನಾನೂ ಕೇಳುವುದಿಲ್ಲ. ಆ ಬನಿಯನ್ನಿನ ಮೇಲೆ ಏನಿದೆಯೋ ನನಗೆ ಗೊತ್ತಿಲ್ಲ.